ಅಂಡಾಶಯದ ಗುಳ್ಳೆ ನೋಯುವುದು ಯಾವಾಗ? ಸ್ತ್ರೀರೋಗ ವಾರ್ಡಿನ ಟಿಪ್ಪಣಿ

ಹಾಸನದಲ್ಲಿ ನರ್ಸಿಂಗ್ ಓದುತ್ತಿರುವ ನನಗೆ ಸ್ತ್ರೀರೋಗ ವಾರ್ಡಿನ ಪೋಸ್ಟಿಂಗ್ ಬಿದ್ದದ್ದು ಜನವರಿಯಲ್ಲಿ. ಸಕಲೇಶಪುರದ ಕಡೆ ಕಾಫಿ ಕುಯ್ಲು ಜೋರಾಗಿದ್ದ ದಿನಗಳು. ಒಂದು ಸಂಜೆ ತೋಟದಿಂದ ಒಬ್ಬ ಹುಡುಗಿಯನ್ನು ಕರೆತಂದರು. ವಯಸ್ಸು ಇಪ್ಪತ್ತೆರಡು. "ನಿನ್ನೆ ಹಣ್ಣಿನ ಚೀಲ ಎತ್ತಕ್ಕೋದೆ ಸಿಸ್ಟ್ರೇ, ಬಲಗಡೆ ಒಳಗೆ ಯಾರೋ ಹಿಂಡ್ದಂಗಾಯ್ತು. ಅಲ್ಲೇ ವಾಂತಿ ಆಯ್ತು" ಅಂದಳು. ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸಿದ್ದರಂತೆ. ಸ್ಕ್ಯಾನಿಂಗ್ ಮಾಡಿದರೆ ಬಲ ಅಂಡಾಶಯದಲ್ಲಿ 7 ಸೆಂ.ಮೀ. ಗುಳ್ಳೆ.

ಅವಳ ಎದುರು ಮಂಚದಲ್ಲಿದ್ದ ಅರಸೀಕೆರೆ ಕಡೆಯ ಅಮ್ಮನಿಗೆ 12 ಸೆಂ.ಮೀ. ಗುಳ್ಳೆ ಇತ್ತು, ನೋವೇ ಇರಲಿಲ್ಲ. ಮೂತ್ರಕೋಶದ ಕಲ್ಲು ಹುಡುಕಲು ಹೋಗಿ ಸಿಕ್ಕಿದ್ದು. ಈ ಎರಡು ಮಂಚಗಳ ನಡುವೆ ನಿಂತಾಗಲೇ ನನಗೆ ಈ ಪಾಠ ಅರ್ಥವಾಗಿದ್ದು: ಗುಳ್ಳೆ ಎಷ್ಟು ದೊಡ್ಡದು ಎಂಬುದಕ್ಕಿಂತ ಅದಕ್ಕೆ ಏನಾಯಿತು ಎಂಬುದರಿಂದ ನೋವು ಬರುತ್ತದೆ.

ಮೊದಲು ಸಹಜವಾದದ್ದನ್ನು ತಿಳಿದುಕೊಳ್ಳೋಣ. ಪ್ರತಿ ತಿಂಗಳೂ ಅಂಡಾಶಯದಲ್ಲಿ ಒಂದು ಕೋಶಿಕೆ (ಅಂಡಾಣು ಇರುವ ಪುಟ್ಟ ನೀರಿನ ಚೀಲ) ಸುಮಾರು 2 ಸೆಂ.ಮೀ.ವರೆಗೆ ಬೆಳೆದು, ಒಡೆದು, ಅಂಡಾಣುವನ್ನು ಬಿಡುತ್ತದೆ. ಒಡೆಯದೆ 3 ಸೆಂ.ಮೀ. ದಾಟಿ ಬೆಳೆದರೆ ಅದನ್ನೇ ಗುಳ್ಳೆ ಅನ್ನುತ್ತೇವೆ. ಒಡೆದ ಮೇಲೆ ಉಳಿಯುವ ಹಳದಿ ಕಾಯದಲ್ಲಿ ನೀರೋ ರಕ್ತವೋ ತುಂಬಿಕೊಂಡರೂ ಗುಳ್ಳೆಯೇ. ಇವೆರಡೂ ಸಾಮಾನ್ಯವಾಗಿ ಎರಡು ಮೂರು ಮುಟ್ಟಿನೊಳಗೆ ತಾವೇ ಕರಗುತ್ತವೆ. ಇರುವ ಗುಳ್ಳೆಯನ್ನು ಗರ್ಭನಿರೋಧಕ ಮಾತ್ರೆ ಬೇಗ ಕರಗಿಸುವುದಿಲ್ಲ. ಇದನ್ನು ಅಡಿಗೆರೆ ಹಾಕಿ ಓದಿಕೊಳ್ಳಿ, ನಮ್ಮಲ್ಲಿ ಹಲವರು ತಪ್ಪು ತಿಳಿದಿದ್ದೇವೆ.

ಪಿಸಿಒಡಿ ಎಂಬ ಹಾರ್ಮೋನ್ ಏರುಪೇರಿನ ತೊಂದರೆ ಬೇರೆ ವಿಷಯ. ಅಲ್ಲಿ ಕಾಣುವುದು 2ರಿಂದ 9 ಮಿ.ಮೀ. ಗಾತ್ರದ, ಬೆಳವಣಿಗೆ ನಿಂತ ಕೋಶಿಕೆಗಳು. ಅವು ಹೀಗೆ ಹಿಂಡುವ ನೋವು ತರುವುದಿಲ್ಲ. "ನನಗೆ ಪಿಸಿಒಡಿ ಇದೆ, ಅದಕ್ಕೇ ಹೊಟ್ಟೆನೋವು" ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ನಿಲ್ಲಿಸದೆ ಬೇರೆ ಕಾರಣ ಹುಡುಕಬೇಕು.

ನೋವಿನ ಬಗೆ

ಗುಳ್ಳೆಯ ಗೋಡೆ ಹಿಗ್ಗುತ್ತಿದ್ದರೆ ಕಿಬ್ಬೊಟ್ಟೆಯ ಒಂದು ಪಕ್ಕ ಭಾರ, ಮಂದ ನೋವು. ಒಡೆದರೆ ಚುಚ್ಚಿದ ಹಾಗೆ ಥಟ್ಟನೆ ಬರುತ್ತದೆ. ಹಳದಿ ಕಾಯದ ಗುಳ್ಳೆ ಒಡೆಯುವುದು ಮುಟ್ಟಿನ ಚಕ್ರದ ಎರಡನೇ ಅರ್ಧದಲ್ಲಿ, ಹಲವು ಬಾರಿ ಸಂಭೋಗದ ನಂತರ ಅಥವಾ ಭಾರದ ಕೆಲಸದ ನಂತರ. ಬರೀ ನೀರು ಸೋರಿದರೆ ನೋವು ತಾನಾಗಿ ಇಳಿಯುತ್ತದೆ. ರಕ್ತ ಹರಿಯುತ್ತಿದ್ದರೆ ನಾಡಿ ಓಡುತ್ತದೆ, ಬಿಪಿ ಬೀಳುತ್ತದೆ, ಮುಖ ಬಿಳಿಚುತ್ತದೆ. ಚಾಕೊಲೇಟ್ ಸಿಸ್ಟ್ ಬೇರೆ ದಾರಿಯದು. ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯದಲ್ಲಿ ನೆಲೆಸಿ, ಹಳೆಯ ರಕ್ತ ಕಂದು ಪಾಕದಂತೆ ಕೂಡುತ್ತದೆ. ಒಳಪದರದಂಥ ಅಂಗಾಂಶ ಹೀಗೆ ಬೇರೆ ಕಡೆ ಬೆಳೆಯುವ ಕಾಯಿಲೆಗೆ ಎಂಡೊಮೆಟ್ರಿಯೋಸಿಸ್ ಎಂದು ಹೆಸರು. ಅದರ ನೋವು ತಿಂಗಳು ತಿಂಗಳೂ ಮುಟ್ಟಿನ ಜೊತೆಗೇ ಬರುತ್ತದೆ.

ಇನ್ನು ತಿರುಚಿಕೊಳ್ಳುವುದು. ಇದಕ್ಕೆ ಹೆಚ್ಚು ಹೊತ್ತು ಕೊಡಿ. ಅಂಡಾಶಯ ತೊಟ್ಟಿನ ಮೇಲೆ ನೇತಾಡುವ ಹಣ್ಣಿನ ಹಾಗೆ. ರಕ್ತನಾಳಗಳು ಆ ತೊಟ್ಟಿನಲ್ಲೇ ಬರುತ್ತವೆ. ಗುಳ್ಳೆಯ ಭಾರಕ್ಕೆ, ಮುಖ್ಯವಾಗಿ 5 ಸೆಂ.ಮೀ. ದಾಟಿದಾಗ, ಹಣ್ಣು ತಿರುಗಿದರೆ ತೊಟ್ಟು ಹಿಂಡಿಕೊಳ್ಳುತ್ತದೆ. ರಕ್ತ ಹೊರಗೊಯ್ಯುವ ಅಭಿಧಮನಿಯ ಗೋಡೆ ತೆಳು, ಅದು ಮೊದಲು ಮುಚ್ಚುತ್ತದೆ. ರಕ್ತ ಒಳತರುವ ಅಪಧಮನಿ ಮಾತ್ರ ಇನ್ನೂ ತರುತ್ತಲೇ ಇರುತ್ತದೆ. ಒಳಬಂದದ್ದು ಹೊರಹೋಗದೆ ಅಂಡಾಶಯ ಊದಿ ಕಪ್ಪಾಗುತ್ತದೆ, ಕೊನೆಗೆ ಅಪಧಮನಿಯೂ ನಿಲ್ಲುತ್ತದೆ. ಅಂಡಾಶಯಕ್ಕೆ ಎರಡು ಕಡೆಯಿಂದ ರಕ್ತ ಬರುವುದರಿಂದ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನಿಂಗ್‌ನಲ್ಲಿ ಹರಿವು ಕಂಡರೂ ತಿರುಚಿಲ್ಲ ಎಂದು ಹೇಳುವ ಹಾಗಿಲ್ಲ. ಎಡಗಡೆ ದೊಡ್ಡ ಕರುಳಿನ ಕೊನೆಯ ಬಾಗು, ಸಿಗ್ಮಾಯ್ಡ್ ಭಾಗ, ಜಾಗ ತುಂಬಿರುತ್ತದೆ, ಹಾಗಾಗಿ ಬಲಗಡೆ ತಿರುಚುವುದು ಹೆಚ್ಚು. ತೊಟ್ಟು ಸ್ವಲ್ಪ ಬಿಚ್ಚಿಕೊಂಡಾಗ ನೋವು ಇಳಿದು, ಮತ್ತೆ ತಿರುಗಿದಾಗ ಏರುತ್ತದೆ. ಈ ನಡುವಿನ ಬಿಡುವೇ ಮೋಸ ಮಾಡುವುದು. ನಮ್ಮ ಹುಡುಗಿ "ರಾತ್ರಿ ವಾಸಿ ಇತ್ತು" ಅಂದದ್ದು ಅದನ್ನೇ.

ಗ್ಯಾಸ್ಟ್ರಿಕ್ ಎಂದೋ ಅಪೆಂಡಿಕ್ಸ್ ಎಂದೋ ತಪ್ಪು ತಿಳಿಯಲು ಕಾರಣವೂ ಇದೆ. ಅಂಡಾಶಯ ಮತ್ತು ಅಪೆಂಡಿಕ್ಸ್ ಎರಡರ ನೋವೂ ಬೆನ್ನುಹುರಿಯ ಟಿ10 ಮಟ್ಟಕ್ಕೆ (ಎದೆ ಭಾಗದ ಹತ್ತನೇ ನರದ ಮಟ್ಟ) ಹೋಗುತ್ತದೆ, ಹೊಕ್ಕುಳ ಸುತ್ತಲಿನ ಚರ್ಮದ ನರವೂ ಅಲ್ಲಿಗೇ ಸೇರುತ್ತದೆ, ಆದ್ದರಿಂದ ಶುರುವಿನಲ್ಲಿ ಎರಡೂ ಹೊಕ್ಕುಳ ಸುತ್ತ ಅನ್ನಿಸಬಹುದು.

ಕೇಳಬೇಕಾದದ್ದು

ಕಡೇ ಮುಟ್ಟು ಯಾವತ್ತು? ನೋವು ಶುರುವಾದ ಗಳಿಗೆಯಲ್ಲಿ ಏನು ಮಾಡುತ್ತಿದ್ದರು? ವಾಂತಿ ಆಯಿತೇ? ಮುಟ್ಟು ನಿಲ್ಲದ ಯಾವ ಹೆಂಗಸಿಗೇ ಆಗಲಿ, ಮದುವೆ ಆಗಿದೆಯೋ ಇಲ್ಲವೋ ನೋಡದೆ ಗರ್ಭಪರೀಕ್ಷೆ ಮಾಡಲೇಬೇಕು. ಗರ್ಭನಾಳದಲ್ಲಿ ನಿಂತ ಬಸಿರು ಇದೇ ನೋವಿನ ವೇಷದಲ್ಲಿ ಬಂದು ಜೀವ ತೆಗೆಯುತ್ತದೆ. ಕೇಳುವಾಗ ಅತ್ತೆಯನ್ನೋ ಅಣ್ಣನನ್ನೋ ಪರದೆಯ ಆಚೆ ಕಳಿಸಿ, ಇಲ್ಲದಿದ್ದರೆ ನಿಜ ಹೊರಬರುವುದಿಲ್ಲ.

ಸಿಎ-125 ಎಂಬ ರಕ್ತಪರೀಕ್ಷೆಯ ವರದಿಯಲ್ಲಿ 35 ದಾಟಿದ ಕೂಡಲೇ ಕ್ಯಾನ್ಸರ್ ಅಲ್ಲ. ಎಂಡೊಮೆಟ್ರಿಯೋಸಿಸ್, ಹೊಟ್ಟೆಯ ಕ್ಷಯ, ಮುಟ್ಟಿನ ದಿನಗಳಲ್ಲೂ ಅದು ಏರುತ್ತದೆ. ಮುಟ್ಟು ನಿಂತವರಲ್ಲಿ ಮಾತ್ರ ಅದೇ ಸಂಖ್ಯೆಗೆ ತೂಕ ಹೆಚ್ಚು, ಮುಟ್ಟು ನಿಂತಿದ್ದ ಅರಸೀಕೆರೆಯ ಅಮ್ಮನನ್ನು ವಾರ್ಡಿನಲ್ಲೇ ಇರಿಸಿಕೊಂಡದ್ದು ಅದಕ್ಕೇ. ಚಿಕ್ಕ ವಯಸ್ಸಿನವರಲ್ಲಿ ಬರೀ ನೀರಿನ, 5 ಸೆಂ.ಮೀ. ಒಳಗಿನ ಗುಳ್ಳೆಗೆ ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಮನೆಯವರ ಮುಂದೆ "ಗಡ್ಡೆ" ಎನ್ನಬೇಡಿ, ನಮ್ಮ ಕಡೆ ಆ ಮಾತಿಗೆ ಕ್ಯಾನ್ಸರ್ ಎಂದೇ ಅರ್ಥ. "ನೀರುಗುಳ್ಳೆ" ಅಂದರೆ ಉಸಿರು ಬಿಡುತ್ತಾರೆ.

ಹುಡುಗಿಗೆ ಆ ರಾತ್ರಿಯೇ ಲ್ಯಾಪರೋಸ್ಕೋಪಿ (ಸಣ್ಣ ತೂತಿನ ಮೂಲಕ ಮಾಡುವ ಆಪರೇಷನ್) ಆಯಿತು. ಅಂಡಾಶಯ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ತಿರುವು ಬಿಚ್ಚಿ, ಗುಳ್ಳೆ ಮಾತ್ರ ತೆಗೆದು, ಅಂಡಾಶಯ ಉಳಿಸಿದರು. ಕಪ್ಪಾಗಿ ಕಂಡರೂ ಬಹಳಷ್ಟು ಸಲ ಅದು ಚೇತರಿಸಿಕೊಳ್ಳುತ್ತದೆ ಎಂದು ಡಾಕ್ಟರ್ ಮೇಡಂ ವಿವರಿಸಿದರು. ಟ್ರೇಯಲ್ಲಿ ಬೆಣ್ಣೆಯಂಥ ಕೊಬ್ಬು, ಅದರೊಳಗೆ ಒಂದು ಹಿಡಿ ಕರಿ ಕೂದಲು. ಈ ಬಗೆಯ ಗುಳ್ಳೆಗೆ ಡರ್ಮಾಯ್ಡ್ ಎಂದು ಹೆಸರು. ಅಂಡಾಣುವಾಗಬೇಕಿದ್ದ ಜೀವಕೋಶದಿಂದಲೇ ಬೆಳೆಯುವುದರಿಂದ ಅದರಲ್ಲಿ ಚರ್ಮ, ಕೂದಲು, ಹಲ್ಲು ಕೂಡ ಇರಬಹುದು.

ಮೂರನೇ ದಿನ ಡ್ರೆಸ್ಸಿಂಗ್ ಮಾಡುವಾಗ ಅವಳು ಮೆಲ್ಲಗೆ ಕೇಳಿದಳು, "ಮಕ್ಳಾಗ್ತವಾ ಸಿಸ್ಟ್ರೇ?" ಒಂದೇ ಅಂಡಾಶಯ ಇದ್ದರೂ ಆಗುತ್ತವೆ, ನಿನಗೆ ಎರಡೂ ಇವೆ ಅಂದೆ.