ಬ್ರಿಟನ್ ಡ್ರೈವಿಂಗ್ ಟೆಸ್ಟ್: ತೀರಾ ನಿಧಾನವೂ ತಪ್ಪೇ

ಟೆಸ್ಟಿನ ದಿನ ನಿಧಾನವಾಗಿ ಓಡಿಸಿದರೆ ಬಚಾವು ಅಂತ ಬಹಳ ಜನ ನಂಬಿರುತ್ತಾರೆ. ಬ್ರಿಟನ್ನಿನ ಪ್ರಾಕ್ಟಿಕಲ್ ಟೆಸ್ಟಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಎಕ್ಸಾಮಿನರ್ ಜಾಸ್ತಿ ವೇಗಕ್ಕೂ ತಪ್ಪು ಹಾಕುತ್ತಾರೆ, ಕಾರಣವಿಲ್ಲದ ನಿಧಾನಕ್ಕೂ ಹಾಕುತ್ತಾರೆ. ಎರಡನೆಯದು 'ಪ್ರೋಗ್ರೆಸ್' ಅನ್ನುವ ಭಾಗದಲ್ಲಿ ಬರುತ್ತದೆ. ಅದರಲ್ಲಿ ನೋಡುವುದು ಎರಡನ್ನು: ರಸ್ತೆಗೆ ತಕ್ಕ ವೇಗ ಇದೆಯೇ, ಸುಮ್ಮನೆ ಹಿಂಜರಿಯುತ್ತಾರೆಯೇ.

ಮೈನರ್ ತಪ್ಪು 15ರವರೆಗೆ ಆದರೂ ಪಾಸ್. ಸೀರಿಯಸ್, ಅಂದರೆ ಅಪಾಯ ತರಬಹುದಾದ ತಪ್ಪು, ಒಂದಾದರೂ ಫೇಲ್. ಒಂದೇ ಮೈನರ್ ಮತ್ತೆ ಮತ್ತೆ ಆದರೆ ಅದೂ ಸೀರಿಯಸ್ ಆಗಬಹುದು.

ಗಂಟೆಗೆ 60 ಮೈಲಿ ಮಿತಿಯ ರಸ್ತೆ ಅಂದುಕೊಳ್ಳಿ. ನೇರವಾಗಿದೆ, ಒಣಗಿದೆ, ಮುಂದೆ ಯಾರೂ ಇಲ್ಲ. ನೀವು 40ರಲ್ಲೇ ಹೋಗುತ್ತಿದ್ದೀರಿ, ಹಿಂದೆ ಕಾರುಗಳ ಸಾಲು. ಇದು ತಪ್ಪು. ಅದೇ 60ರ ಮಿತಿ, ಆದರೆ ಹಳ್ಳಿ ಕಡೆಯ ಕಿರಿದಾದ ರಸ್ತೆ, ತಿರುವಿನಾಚೆ ಏನೂ ಕಾಣುವುದಿಲ್ಲ. ಅಲ್ಲಿ 30 ಕೂಡ ಜಾಸ್ತಿ ಆಗಬಹುದು. 30ರ ಬೀದಿಯಲ್ಲಿ ಎರಡೂ ಕಡೆ ಕಾರು ನಿಂತಿದ್ದರೆ 20ಕ್ಕೆ ಇಳಿದದ್ದಕ್ಕೆ ಯಾರೂ ತಪ್ಪು ಹಾಕುವುದಿಲ್ಲ. ನಿಧಾನಕ್ಕೆ ಕಾರಣ ರಸ್ತೆಯಲ್ಲೇ ಕಾಣಬೇಕು, ಅಷ್ಟೇ. ಬರೀ ಭಯ ಕಾರಣವಾಗುವುದಿಲ್ಲ, ಅಲ್ವಾ?

ಬೀದಿದೀಪ ಇದ್ದು ಮಿತಿಯ ಬೋರ್ಡ್ ಇಲ್ಲದ ರಸ್ತೆಯಲ್ಲಿ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ 30. ವೇಲ್ಸ್‌ನಲ್ಲಿ 2023ರ ಸೆಪ್ಟೆಂಬರಿನಿಂದ 20.

ಹಿಂಜರಿಕೆ ಹೆಚ್ಚಾಗಿ ಕಾಣುವುದು ಜಂಕ್ಷನ್ ಮತ್ತು ರೌಂಡಬೌಟಿನಲ್ಲಿ. 'ಗಿವ್ ವೇ' (ಬೇರೆ ವಾಹನಗಳಿಗೆ ದಾರಿ ಬಿಡಿ) ಗೆರೆ ಹತ್ತಿರ ದಾರಿ ಖಾಲಿ ಇದ್ದರೆ ನಿಲ್ಲಲೇಬೇಕು ಅಂತೇನಿಲ್ಲ. 'ಸ್ಟಾಪ್' ಬೋರ್ಡ್ ಇದ್ದಲ್ಲಿ ಮಾತ್ರ ಪೂರ್ತಿ ನಿಲ್ಲಲೇಬೇಕು. ಈ ಎರಡನ್ನು ಕಲಸಿಕೊಂಡು ಪ್ರತಿ ಗೆರೆಯಲ್ಲೂ ನಿಲ್ಲುವವರು ಬಹಳ. ಹಾಗಂತ ವಾಹನಗಳ ನಡುವೆ ಸಿಕ್ಕ ಜಾಗಕ್ಕೆ ನುಗ್ಗಬೇಡಿ. ನಿಮ್ಮಿಂದ ಇನ್ನೊಬ್ಬರು ಬ್ರೇಕ್ ಒತ್ತಬೇಕಾಯಿತು ಅಂದರೆ ಅದು ಹಿಂಜರಿಕೆಗಿಂತ ದೊಡ್ಡ ತಪ್ಪು. ಅನುಮಾನ ಬಂದರೆ ಆ ಒಂದು ಜಾಗ ಬಿಟ್ಟುಬಿಡಿ. ಸಾಲಾಗಿ ಒಳ್ಳೆಯ ಜಾಗಗಳನ್ನೇ ಬಿಡುತ್ತಾ ಕೂತರೆ ಮಾತ್ರ ಕಷ್ಟ. ನನ್ನ ಪ್ರಕಾರ ಇದಕ್ಕೆ ಮದ್ದು ಧೈರ್ಯವಲ್ಲ, ಬೇಗ ನೋಡುವುದು. ಗೆರೆ ಇನ್ನೂ ದೂರ ಇರುವಾಗಲೇ ವೇಗ ಇಳಿಸಿ, ಗೇರ್ ಬದಲಿಸಿ, ಬಲಗಡೆ ನೋಡಲು ಶುರು ಮಾಡಿದರೆ ತೀರ್ಮಾನಕ್ಕೆ ಸಮಯ ಸಿಗುತ್ತದೆ.

ಮಿತಿ ಬದಲಾಗುವ ಜಾಗವನ್ನೂ ಬೇರೆಯಾಗಿ ಅಭ್ಯಾಸ ಮಾಡಿ. 30ರಿಂದ 60ಕ್ಕೆ ಹೋಗುವಾಗ ಬೋರ್ಡ್ ದಾಟಿದ ಮೇಲೆ ವೇಗ ಹೆಚ್ಚಿಸಬೇಕು. 60ರಿಂದ 30ಕ್ಕೆ ಬರುವಾಗ ಬೋರ್ಡ್ ಮುಟ್ಟುವ ಹೊತ್ತಿಗೇ 30 ಇರಬೇಕು, ದಾಟಿದ ಮೇಲೆ ಬ್ರೇಕ್ ಒತ್ತಿದರೆ ತಡವಾಯಿತು.