ಆಣೆ ಪ್ರಮಾಣ ಅಂದ್ರೆ ಏನು, ರಾಜಕಾರಣಿಗಳು ಕರೆಯೋ ಆಣೆ ಯಾಕೆ ಬೇರೆ?

ನಮ್ಮ ಸಾಗರ, ಹೊಸನಗರ ಕಡೆ ಅಡಿಕೆ ತೋಟದ ಬೇಲಿ ಮೇಲೆ ಬೋರ್ಡ್ ನೋಡಿರ್ತೀರಿ, 'ಶ್ರೀ ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ' ಅಂತ. ನಾಯಿ ಇಲ್ಲ, ಕ್ಯಾಮೆರಾ ಇಲ್ಲ, ಆದ್ರೂ ಗೊನೆಗೆ ಕೈ ಹಾಕೋಕೆ ಬಂದೋನು ಒಂದ್ಸಲ ಹಿಂದೆಮುಂದೆ ನೋಡ್ತಾನೆ. ಆಣೆ ಪ್ರಮಾಣ ನಿಂತಿರೋದೂ ಈ ಭಯದ ಮೇಲೇ.

ಬೇಲಿ ತಕರಾರು, ಕೈಸಾಲ, ಕಳೆದುಹೋದ ಬಂಗಾರ, ಇಂಥದ್ದಕ್ಕೆ ಸಾಕ್ಷಿ ಸಿಗದೇ ಇದ್ದಾಗ ಎರಡೂ ಕಡೆಯೋರು ದೇವರೆದುರು ನಿಂತು ನಾನು ಹೇಳಿದ್ದೇ ಸತ್ಯ ಅನ್ನೋದೇ ಆಣೆ ಪ್ರಮಾಣ. ಸುಳ್ಳಾದ್ರೆ ನಂಗೂ ನನ್ನ ಮಕ್ಕಳಿಗೂ ತಟ್ಟಲಿ ಅನ್ನೋದು ಅದರೊಳಗೇ ಇರುತ್ತೆ. ಅದಕ್ಕೇ ಊರಿನ ಹಿರಿಯರು ಆಣೆಗೆ ಸುಲಭಕ್ಕೆ ಬಿಡಲ್ಲ, ಸತ್ಯ ನಿನ್ನ ಕಡೆ ಇದ್ರೂ ಬೇಡ ಮಾರಾಯ, ಮಾತಾಡಿ ಮುಗಿಸ್ಕೊಳ್ಳಿ ಅಂತಾರೆ.

ರಾಜಕೀಯಕ್ಕೆ ಬಂದ್ರೆ ಇದು ಸವಾಲಾಗುತ್ತೆ. 2011ರಲ್ಲಿ ಮುಖ್ಯಮಂತ್ರಿ ಆಗಿದ್ದ ನಮ್ಮ ಶಿಕಾರಿಪುರದ ಯಡಿಯೂರಪ್ಪನವರು ಭ್ರಷ್ಟಾಚಾರದ ಆರೋಪದ ಜಗಳದಲ್ಲಿ ಧರ್ಮಸ್ಥಳಕ್ಕೆ ಬಂದು ಪ್ರಮಾಣ ಮಾಡಿ ಅಂತ ಕುಮಾರಸ್ವಾಮಿಯವರನ್ನ ಕರೆದ್ರು, ಅವರೂ ಒಪ್ಪಿದ್ರು, ಜೂನ್ 27ಕ್ಕೆ ಇಬ್ರೂ ಮಂಜುನಾಥನ ದರ್ಶನ ಮಾಡಿದ್ರು, ಪ್ರಮಾಣ ಮಾತ್ರ ಇಬ್ರೂ ಮಾಡ್ಲಿಲ್ಲ. ಅವರ ಭಕ್ತಿ ಸುಳ್ಳು ಅಂತ ನಾನು ಹೇಳಲ್ಲ, ನಿಜವಾಗ್ಲೂ ಹೆದರೋನಿಗೇ ಆಣೆ ಕಷ್ಟ. ಒಬ್ಬರ ಮನಸ್ಸಲ್ಲಿರೋ ನಂಬಿಕೆ ಹೊರಗಿಂದ ಅಳೆಯೋಕೂ ಆಗಲ್ಲ. ನನ್ನ ತಕರಾರು ಬೇರೆ: ಸರ್ಕಾರದ ವ್ಯವಹಾರಕ್ಕೆ ಕಡತ ಇದೆ, ಲೋಕಾಯುಕ್ತ ಇದೆ, ಕೋರ್ಟ್ ಇದೆ, ಇಷ್ಟೆಲ್ಲ ಇರೋವಾಗ ಲೆಕ್ಕ ಕೇಳಿದ ಜನಕ್ಕೆ ದೇವರನ್ನ ತೋರಿಸಿದ್ರೆ ಪ್ರಶ್ನೆ ಅಲ್ಲೇ ನಿಂತುಹೋಗುತ್ತೆ, ಮುಂದೆ ಕೇಳಿದೋನು ದೇವರನ್ನೇ ನಂಬದೋನು ಅನ್ನಿಸ್ಕೋತಾನೆ.

ಇನ್ನೊಂದು ರೀತಿ ಇದೆ, ನಂಗೆ ಜಾಸ್ತಿ ಸಿಟ್ಟು ಬರೋದು ಇದಕ್ಕೆ. ಎಲೆಕ್ಷನ್ ಹಿಂದಿನ ರಾತ್ರಿ ದುಡ್ಡು ಕೊಟ್ಟು, ದೇವರ ಫೋಟೋ ಮುಟ್ಟಿಸಿ, ನಮಗೇ ವೋಟು ಅಂತ ಆಣೆ ಹಾಕಿಸ್ಕೊಳ್ಳೋದು. ಇಲ್ಲಿ ನಾಯಕನ ನಂಬಿಕೆಗೆ ಪರೀಕ್ಷೇನೇ ಇಲ್ಲ, ಅವನು ಹಿಡ್ಕೊಂಡಿರೋದು ಬಡವರ ಮನೆ ಹೆಂಗಸರ ನಿಜವಾದ ಭಕ್ತೀನ.

ಕಾನೂನೂ ಇದನ್ನ ಒಪ್ಪಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಅಭ್ಯರ್ಥಿ ಕಡೆಯೋರು ವೋಟು ಹಾಕದಿದ್ರೆ ದೇವರ ಕೋಪ ತಟ್ಟುತ್ತೆ ಅಂತ ಮತದಾರರನ್ನ ನಂಬಿಸೋದು ಭ್ರಷ್ಟ ಆಚರಣೆ, ಧರ್ಮದ ಹೆಸರಲ್ಲಿ ವೋಟು ಕೇಳೋದೂ ಅಷ್ಟೇ, ಕೋರ್ಟಲ್ಲಿ ಸಾಬೀತಾದ್ರೆ ಗೆದ್ದ ಸೀಟು ಹೋಗಬಹುದು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ 7 ನ್ಯಾಯಮೂರ್ತಿಗಳ ಪೀಠ 4-3ರಲ್ಲಿ, ಅಭ್ಯರ್ಥಿಯ ಧರ್ಮ ಮಾತ್ರ ಅಲ್ಲ ಮತದಾರರ ಧರ್ಮ ಹಿಡಿದು ಕೇಳಿದ್ರೂ ತಪ್ಪೇ ಅಂತ ಹೇಳ್ತು. ಎಲೆಕ್ಷನ್ ಟೈಮಲ್ಲಿ ಇಂಥದ್ದು ಕಣ್ಣಿಗೆ ಬಿದ್ರೆ ಚುನಾವಣಾ ಆಯೋಗದ ಸಿ-ವಿಜಿಲ್ ಆಪಲ್ಲಿ ಫೋಟೋ ಇಲ್ಲ ವಿಡಿಯೋ ತೆಗೆದು ದೂರು ಕೊಡಬಹುದು, ನಿಮ್ಮ ಹೆಸರು ಹಾಕ್ಲೇಬೇಕು ಅಂತೇನಿಲ್ಲ.