ಎರಡು ಹಲ್ಲು, ಒಂದು ಕೊಕ್ಕೆ

ಪರ್ಷಿಯನ್ ಭಾಷೆಗೆ ಕೂಫಿ ಶೈಲಿಯ (ಅರಬ್ಬಿ ಲಿಪಿಯ ಹಳೆಯ, ಕೋನಕೋನವಾದ ಬರಹದ) ಫಾಂಟ್ ಬೇಕೆಂದು ನನ್ನಲ್ಲಿಗೆ ಬರುವವರು ಮೊದಲು ತೋರಿಸುವುದು ಇರಾನಿನ ಇಸ್ಫಹಾನ್ ನಗರದ ಮಸೀದಿ ಗೋಡೆಯ ಫೋಟೊ. ಇಟ್ಟಿಗೆ ಜೋಡಿಸಿ ಬರೆದ ಚೌಕ ಕೂಫಿ. ಅಕ್ಷರಕ್ಕೂ ನಡುವಿನ ಖಾಲಿಗೂ ಒಂದೇ ದಪ್ಪ. ಅದರ ಬೆನ್ನಿಗೇ ಎರಡನೆಯ ಮಾತು: "ಅಕ್ಷರಗಳ ಚುಕ್ಕೆ ತೆಗೆದುಬಿಡಿ, ಚೌಕದ ಅಂದ ಕೆಡುತ್ತದೆ." ಕೇಳಿ ಕೇಳಿ ಸಾಕಾಗಿದೆ.

ಆ ಗೋಡೆಯಲ್ಲಿರುವುದು ಅಲ್ಲಾಹ್, ಮಹಮ್ಮದ್, ಅಲಿ ಎಂಬಂಥ ಹೆಸರುಗಳು. ನೋಡುವವರಿಗೆ ಅವು ಬಾಯಿಪಾಠ. ಅವರು ಓದುವುದಿಲ್ಲ, ಗುರುತು ಹಿಡಿಯುತ್ತಾರೆ. ಫಾಂಟ್‌ನಲ್ಲಾದರೆ ನಾಳೆ ಯಾರೋ ಔಷಧದ ಹೆಸರು ಬರೆಯುತ್ತಾರೆ.

ಬೆ, ಪೆ, ತೆ, ಸೆ, ನೂನ್, ಯೆ: ಪದದ ಮೊದಲಲ್ಲೋ ನಡುವೆಯೋ ಬಂದರೆ ಈ ಆರು ಅಕ್ಷರಗಳಿಗೂ ರೂಪ ಒಂದೇ, ಒಂದು ಗಿಡ್ಡ ಹಲ್ಲು. ಕೆಳಗೆ ಒಂದು ಚುಕ್ಕೆ ಇಟ್ಟರೆ ಬೆ, ಎರಡಿಟ್ಟರೆ ಯೆ, ಮೂರಿಟ್ಟರೆ ಪೆ. ಮೇಲೆ ಒಂದಾದರೆ ನೂನ್, ಎರಡಾದರೆ ತೆ, ಮೂರಾದರೆ ಸೆ. ಹೊಟ್ಟೆ ಸೀಳದೆ ಬರೆದ ಧ ದ ಆಗಿಬಿಡುತ್ತದೆ ಎಂದು ಶಾಲೆಯಲ್ಲಿ ಕಲಿತ ನಮಗೆ ಇದು ಅರ್ಥವಾಗಬೇಕು.

ಕೇಸರಿ ವ್ಯಾಪಾರದ ಇರಾನಿ ಹಿರಿಯರೊಬ್ಬರು ಬಂದಿದ್ದರು. ಚಹಾ ಕುಡಿಸದೆ ಮಾತು ತೆಗೆಯದ ಪ್ರೀತಿಯ ಮನುಷ್ಯ. ಅವರು ಹೇಳಿದಂತೆಯೇ ಚುಕ್ಕೆ ತೆಗೆದು ನಾಲ್ಕು ಪದ ಅಚ್ಚು ಹಾಕಿಟ್ಟೆ. ಪೀರ್ ಅಂದರೆ ಮುದುಕ, ತೀರ್ ಅಂದರೆ ಬಾಣ, ತಬರ್ ಅಂದರೆ ಕೊಡಲಿ, ಬಬ್ರ್ ಅಂದರೆ ಹುಲಿ. ಹಾಳೆಯಲ್ಲಿ ನಾಲ್ಕೂ ಎರಡು ಹಲ್ಲು, ಕೊನೆಗೊಂದು ಕೊಕ್ಕೆ. "ಪೀರ್ ಯಾವುದು?" ಎಂದೆ. ಕನ್ನಡಕ ಒರೆಸಿಕೊಂಡು ಮೊದಲನೆಯದರ ಮೇಲೆ ಬೆರಳಿಟ್ಟರು. ಅಲ್ಲಿ ಹುಲಿ ಇತ್ತು. ಹಾಳೆಯನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೋದರು.

ನಾಲ್ಕಕ್ಷರದ ಲಾಂಛನಕ್ಕೆ, ಹೆಸರು ಜನರಿಗೆ ಆಗಲೇ ಪರಿಚಿತವಾಗಿದ್ದರೆ, ಚುಕ್ಕೆ ಬಿಡಬಹುದೇನೋ. ಅದನ್ನು ಸಂದರ್ಭ ನೋಡಿಯೇ ಹೇಳಬೇಕು. ಫಾಂಟ್‌ಗೆ ಮಾತ್ರ ನಾನು ಒಪ್ಪುವುದಿಲ್ಲ. ಗೆರೆಯಷ್ಟೇ ದಪ್ಪದ ಚೌಕ ಚುಕ್ಕೆ ಇಡುತ್ತೇನೆ, ಸುತ್ತ ಅದರ ಅರ್ಧದಷ್ಟಾದರೂ ಬಿಳಿ ಬಿಡುತ್ತೇನೆ. ಪೆ, ಚೆಗಳ ಮೂರು ಚುಕ್ಕೆಗೆ ಜಾಗ ಸಾಲದಿದ್ದರೆ ಚುಕ್ಕೆಯನ್ನು ಕುಗ್ಗಿಸುವುದಿಲ್ಲ, ಸಾಲುಗಳ ಅಂತರವನ್ನು ಹಿಗ್ಗಿಸುತ್ತೇನೆ.

ಚುಕ್ಕೆ ಉಳಿದರೂ ತೊಡಕು ಉಳಿಯುತ್ತದೆ. ಒಳನೋಟ ಎಂಬ ಅರ್ಥದ ಬೀನೆಶ್ ಪದದಲ್ಲಿ ಬೆ, ಯೆ, ನೂನ್‌ಗಳ ಮೂರು ಹಲ್ಲಿಗೆ ಶೀನ್ ಅಕ್ಷರದ ಮೂರು ಹಲ್ಲು ಅಂಟಿಕೊಳ್ಳುತ್ತವೆ. ಆರೂ ಒಂದೇ ಎತ್ತರವಿದ್ದರೆ ಬಾಚಣಿಗೆಯಂತೆ ಕಾಣುತ್ತದೆ. ಅದಕ್ಕೇ, ಕೈಬರಹದ ರೂಢಿಯಂತೆ, ಶೀನ್‌ಗೆ ತಾಗಿದ ಹಲ್ಲನ್ನು ಒಂದು ಚೌಕದಷ್ಟು ಎತ್ತರಿಸುತ್ತೇನೆ.